ತ್ರಿಕೋನಮಿತಿ ಗಣನ ಸಾಧನದ ದಾಖಲೀಕರಣ

ತ್ರಿಕೋನಮಿತಿ ಗಣನ ಸಾಧನದ ದಾಖಲೀಕರಣ ಎಂದರೆ, ಸೈನ್, ಕೋಸೈನ್, ಟ್ಯಾಂಜೆಂಟ್ ಮೊದಲಾದ ತ್ರಿಕೋನಮಿತೀಯ ಬೆಲೆಗಳನ್ನು ಲೆಕ್ಕ ಹಾಕಿಕೊಡುವ ತಂತ್ರಾಂಶವೊಂದರ ಉದ್ದೇಶ, ಬಳಕೆಯ ಕ್ರಮ, ಕೊಡಬೇಕಾದ ಮಾಹಿತಿ, ದೊರೆಯುವ ಉತ್ತರ ಮತ್ತು ಮಿತಿಗಳನ್ನು ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳು ಓದಿ ತಿಳಿದುಕೊಳ್ಳುವಂತೆ ಬರೆದಿಡುವ ಕಾರ್ಯ. ಏಜೆಂಟ್ ಎಂಬುದು ಬಳಕೆದಾರನ ಕೋರಿಕೆಯನ್ನು ಈಡೇರಿಸಲು ತಾನೇ ಹಂತಗಳನ್ನು ನಿರ್ಧರಿಸಿ, ಅಗತ್ಯವಿದ್ದಾಗ ಹೊರಗಿನ ಸಾಧನಗಳನ್ನು ಕರೆದು ಕೆಲಸ ಮಾಡಿಸುವ, ಭಾಷಾ ಮಾದರಿಯನ್ನು ಆಧರಿಸಿದ ತಂತ್ರಾಂಶವಾಗಿದೆ. ಇಂತಹ ಏಜೆಂಟ್‌ಗೆ ಸಾಧನದ ಒಳಗಿನ ಸಂಕೇತ ಸಾಮಾನ್ಯವಾಗಿ ಕಾಣುವುದಿಲ್ಲ. ಸಾಧನದ ಹೆಸರು, ಅದರ ವಿವರಣೆ ಮತ್ತು ಅದು ಸ್ವೀಕರಿಸುವ ಮಾಹಿತಿಯ ಪಟ್ಟಿ ಮಾತ್ರ ಅದರ ಮುಂದಿರುತ್ತವೆ. ಆದುದರಿಂದ ದಾಖಲೆಯಲ್ಲಿ ಬಿಟ್ಟುಹೋದ ಒಂದು ಪದವೂ ತಪ್ಪು ಉತ್ತರಕ್ಕೆ ಕಾರಣವಾಗಬಲ್ಲದು.

ಈ ಲೇಖನದಲ್ಲಿ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಪ್ರದೇಶಗಳ ದೂರ, ದಿಕ್ಕು, ಎತ್ತರ ಮತ್ತು ನೆರಳಿನ ಲೆಕ್ಕಗಳನ್ನು ಉದಾಹರಣೆಯಾಗಿ ಬಳಸಿಕೊಳ್ಳಲಾಗಿದೆ.

ಸಾಧನದ ಅಗತ್ಯ

ಭಾಷಾ ಮಾದರಿಯು ಒಂದು ಪದಭಾಗದ ನಂತರ ಯಾವ ಪದಭಾಗ ಬರಬಹುದು ಎಂಬುದನ್ನು ಅಂದಾಜು ಮಾಡುತ್ತಾ ವಾಕ್ಯಗಳನ್ನು ಕಟ್ಟುತ್ತದೆ. ಸೈನ್ 30 ಡಿಗ್ರಿಯ ಬೆಲೆ 0.5 ಎಂಬುದು ಅದಕ್ಕೆ ಕಲಿಕೆಯ ಪಠ್ಯಗಳಲ್ಲಿ ಸಾವಿರಾರು ಬಾರಿ ಎದುರಾಗಿರುತ್ತದೆ. ಆದುದರಿಂದ ಅದನ್ನು ಸರಿಯಾಗಿ ಹೇಳುತ್ತದೆ. ಆದರೆ ಸೈನ್ 37.46 ಡಿಗ್ರಿಯಂತಹ ಅಪರೂಪದ ಬೆಲೆಯನ್ನು ಕೇಳಿದಾಗ ಅದು ನೆನಪಿನಿಂದ ಹೇಳುವ ಅಂಕಿಗಳಲ್ಲಿ ಮೊದಲ ಒಂದೆರಡು ಸ್ಥಾನ ಸರಿಯಾಗಿದ್ದು ಮುಂದಿನವು ಊಹೆಯಾಗಿರುವ ಸಂಭವವಿದೆ. ಈ ಕೊರತೆಯನ್ನು ನೀಗಿಸಲು ಲೆಕ್ಕವನ್ನು ಗಣನ ಸಾಧನಕ್ಕೆ ಒಪ್ಪಿಸುವ ಕ್ರಮ ಬಳಕೆಗೆ ಬಂದಿತು.

2023ರ ಆರಂಭದಲ್ಲಿ ಮೆಟಾ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಟೂಲ್‌ಫಾರ್ಮರ್ ಎಂಬ ಪ್ರಬಂಧದಲ್ಲಿ ಭಾಷಾ ಮಾದರಿಯು ತಾನೇ ಕರೆಯಬಲ್ಲ ಸಾಧನಗಳ ಪೈಕಿ ಗಣಕಯಂತ್ರವೂ (ಕ್ಯಾಲ್ಕುಲೇಟರ್) ಒಂದಾಗಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಮಾದರಿಗಳಿಗೆ ಫಂಕ್ಷನ್ ಕಾಲಿಂಗ್ ಎಂಬ ಸೌಲಭ್ಯವನ್ನು ಒದಗಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಶಿಷ್ಟತೆಯನ್ನು ಪ್ರಕಟಿಸಿತು. ಈ ಶಿಷ್ಟತೆಯಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಸಹಜ ಭಾಷೆಯಲ್ಲಿ ಬರೆದ ಒಂದು ವಿವರಣೆ ಮತ್ತು ಜೇಸನ್ ಸ್ಕೀಮಾ ಎಂಬ ರೂಪದಲ್ಲಿ ಬರೆದ ಆದಾನಗಳ (ಒಳಗೆ ಕೊಡುವ ಮಾಹಿತಿಯ) ಪಟ್ಟಿ ಇರುತ್ತದೆ.

ಐತಿಹಾಸಿಕ ಹಿನ್ನೆಲೆ

ತ್ರಿಕೋನಮಿತಿಯ ಬೆಲೆಗಳನ್ನು ಒಬ್ಬರು ಲೆಕ್ಕ ಹಾಕಿಟ್ಟು ಇನ್ನೊಬ್ಬರು ಬಳಸುವ ಪದ್ಧತಿ ಪ್ರಾಚೀನವಾದುದು. ಕ್ರಿ.ಶ. 499ರ ಕಾಲಘಟ್ಟಕ್ಕೆ ಸೇರಿದ ಆರ್ಯಭಟೀಯದಲ್ಲಿ 24 ಜ್ಯಾ ಅಂತರಗಳ ಕೋಷ್ಟಕವಿದೆ. ಅದರಲ್ಲಿ ಕಾಲು ವೃತ್ತವನ್ನು 225 ಕಲೆಗಳ, ಅಂದರೆ 3.75 ಡಿಗ್ರಿಗಳ, 24 ಸಮಭಾಗಗಳನ್ನಾಗಿ ಮಾಡಲಾಗಿದೆ. ವೃತ್ತದ ತ್ರಿಜ್ಯವನ್ನು 3438 ಕಲೆಗಳೆಂದು ಇಟ್ಟುಕೊಳ್ಳಲಾಗಿದೆ. ಪೂರ್ಣ ವೃತ್ತದ 21,600 ಕಲೆಗಳನ್ನು ಪೈಯ ಎರಡರಷ್ಟರಿಂದ ಭಾಗಿಸಿದಾಗ ಸುಮಾರು 3437.75 ಬರುವುದರಿಂದ ಈ ಸಂಖ್ಯೆ ದೊರೆತಿದೆ. ಈ ಕೋಷ್ಟಕದ ಪ್ರಕಾರ 30 ಡಿಗ್ರಿಯ ಜ್ಯಾ 1719. ಇದನ್ನು 3438ರಿಂದ ಭಾಗಿಸಿದರೆ ಇಂದಿನ 0.5 ಬರುತ್ತದೆ. ತ್ರಿಜ್ಯ ಎಷ್ಟೆಂದು ತಿಳಿಯದವನಿಗೆ 1719 ಎಂಬ ಸಂಖ್ಯೆಯಿಂದ ಪ್ರಯೋಜನವಿಲ್ಲ. ಕೋಷ್ಟಕದಷ್ಟೇ ಅದರ ಮಾನವನ್ನು ತಿಳಿಸುವ ಮಾತೂ ಮುಖ್ಯವೆಂಬುದಕ್ಕೆ ಇದು ಹಳೆಯ ನಿದರ್ಶನ.

ಕೇರಳದ ಸಂಗಮಗ್ರಾಮದ ಮಾಧವನು 14ನೆಯ ಶತಮಾನದಲ್ಲಿ ಇದೇ 24 ಜ್ಯಾಗಳನ್ನು ಹೆಚ್ಚು ಸೂಕ್ಷ್ಮವಾಗಿ ಗಣಿಸಿದನು. 12ನೆಯ ಶತಮಾನದ ಎರಡನೆಯ ಭಾಸ್ಕರಾಚಾರ್ಯನ ಸಿದ್ಧಾಂತ ಶಿರೋಮಣಿಯಲ್ಲಿ (1150) ಜ್ಯಾಗಳನ್ನು ಪಡೆಯುವ ವಿಧಾನಗಳಿಗೆಂದೇ ಜ್ಯೋತ್ಪತ್ತಿ ಎಂಬ ಭಾಗವಿದೆ. ಜ್ಯಾ ಎಂಬುದಕ್ಕೆ ಪರ್ಯಾಯವಾದ ಜೀವಾ ಎಂಬ ಸಂಸ್ಕೃತ ಪದ ಅರಬ್ಬಿಯಲ್ಲಿ ಜೀಬ ಎಂದಾಗಿ, ಅದನ್ನು ಮಡಿಕೆ ಅಥವಾ ಕೊಲ್ಲಿ ಎಂಬ ಅರ್ಥದ ಜೈಬ್ ಎಂದು ಓದಿಕೊಂಡ ಭಾಷಾಂತರಕಾರರು ಲ್ಯಾಟಿನ್‌ನಲ್ಲಿ ಸೈನಸ್ ಎಂದು ಬರೆದರು. ಇಂದಿನ ಸೈನ್ ಎಂಬ ಹೆಸರೇ ಹೀಗೆ ಒಂದು ತಪ್ಪು ಓದಿನ ಫಲವಾಗಿದೆ.

ಕರ್ನಾಟಕದ ನೆಲದಲ್ಲಿ ತ್ರಿಕೋನಮಿತಿಯನ್ನು ಬಹುದೊಡ್ಡ ಪ್ರಮಾಣದಲ್ಲಿ ಬಳಸಿದ ಕಾರ್ಯವೆಂದರೆ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸಮೀಪ ಆಧಾರರೇಖೆಯನ್ನು ಅಳೆದು ಆರಂಭವಾದ ಈ ಕಾರ್ಯದಲ್ಲಿ, ಬೆಂಗಳೂರಿನ ಸಮೀಪ ಇನ್ನೊಂದು ಆಧಾರರೇಖೆಯನ್ನು ನೆಲದ ಮೇಲೆ ನೇರವಾಗಿ ಅಳೆದು, ಲೆಕ್ಕದಿಂದ ಬಂದ ಉದ್ದದೊಂದಿಗೆ ಹೋಲಿಸಲಾಯಿತು. ತ್ರಿಕೋನಗಳ ಸರಣಿ ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕಡಲತೀರವನ್ನು ತಲುಪಿದಾಗ, ಹಿಂದಿನ ನಕ್ಷೆಗಳಲ್ಲಿ ಸುಮಾರು 400 ಮೈಲಿ ಅಗಲವಿದ್ದ ಪರ್ಯಾಯ ದ್ವೀಪವು ಆ ಅಕ್ಷಾಂಶದಲ್ಲಿ ಸುಮಾರು 360 ಮೈಲಿ ಮಾತ್ರ ಅಗಲವಿದೆಯೆಂದು ತಿಳಿದುಬಂದಿತು. ಲೆಕ್ಕದ ಉತ್ತರವನ್ನು ಸ್ವತಂತ್ರವಾದ ಇನ್ನೊಂದು ಅಳತೆಯಿಂದ ಪರೀಕ್ಷಿಸುವ ಈ ಕ್ರಮವು ಗಣನ ಸಾಧನಗಳಿಗೂ ಅನ್ವಯಿಸುತ್ತದೆ.

ಗಣಕಯಂತ್ರಗಳು ಅಗ್ಗವಾಗುವ ಮುನ್ನ ಕಾಲೇಜು ವಿದ್ಯಾರ್ಥಿಗಳು ಮುದ್ರಿತ ಲಾಗರಿದಮ್ ಮತ್ತು ತ್ರಿಕೋನಮಿತಿ ಕೋಷ್ಟಕಗಳನ್ನು ಬಳಸುತ್ತಿದ್ದರು. ಸೈನ್ ಕೋಷ್ಟಕದಲ್ಲಿ ಸರಾಸರಿ ವ್ಯತ್ಯಾಸವನ್ನು ಕೂಡಬೇಕು, ಕೋಸೈನ್ ಕೋಷ್ಟಕದಲ್ಲಿ ಕಳೆಯಬೇಕು. ಈ ಸೂಚನೆ ಪುಟದ ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿ ಇರುತ್ತಿತ್ತು. ಅದನ್ನು ಗಮನಿಸದವರ ಉತ್ತರದ ಕೊನೆಯ ಅಂಕಿಗಳು ತಪ್ಪುತ್ತಿದ್ದವು. ಏಜೆಂಟ್‌ಗಾಗಿ ಬರೆಯುವ ದಾಖಲೆಯು ಆ ಒಂದು ಸಾಲಿನ ಸ್ಥಾನದಲ್ಲಿದೆ.

ದಾಖಲೆಯ ಅಂಗಗಳು

ತ್ರಿಕೋನಮಿತಿ ಸಾಧನದ ಪೂರ್ಣ ದಾಖಲೆಯಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಅಂಶಗಳಿರುತ್ತವೆ.

1. ಹೆಸರು: ಸಾಧನದ ಕೆಲಸವನ್ನು ಸೂಚಿಸುವ ಚಿಕ್ಕ ಹೆಸರು. ಸಾಧನಗಳು ಅನೇಕವಿರುವಲ್ಲಿ "ಲೆಕ್ಕ" ಎಂಬುದಕ್ಕಿಂತ "ತ್ರಿಕೋನಮಿತಿ ಲೆಕ್ಕ" ಎಂಬುದು ಹೆಚ್ಚು ಉಪಯುಕ್ತ.
2. ಉದ್ದೇಶ: ಸಾಧನವನ್ನು ಯಾವಾಗ ಕರೆಯಬೇಕು, ಯಾವಾಗ ಕರೆಯಬಾರದು ಎಂಬ ಹೇಳಿಕೆ.
3. ಆದಾನಗಳು: ಪ್ರತಿಯೊಂದು ಆದಾನದ ಹೆಸರು, ಬಗೆ, ಮಾನ, ಅನುಮತಿಸಿದ ವ್ಯಾಪ್ತಿ, ಅದು ಕಡ್ಡಾಯವೋ ಐಚ್ಛಿಕವೋ ಎಂಬ ವಿವರ.
4. ಪ್ರದಾನ: ಉತ್ತರದ ರೂಪ, ಅದರ ಮಾನ ಮತ್ತು ದಶಮಾಂಶ ಸ್ಥಾನಗಳು.
5. ದೋಷ ಸಂದೇಶಗಳು: ಉತ್ತರ ಕೊಡಲಾಗದ ಸಂದರ್ಭಗಳು ಮತ್ತು ಆಗ ಸಾಧನ ಹೇಳುವ ಮಾತು.
6. ಉದಾಹರಣೆಗಳು: ಕೋರಿಕೆ ಮತ್ತು ಉತ್ತರಗಳ ಕೆಲವು ಜೋಡಿಗಳು.
7. ಮಿತಿಗಳು: ಸಾಧನ ಪರಿಗಣಿಸದೆ ಬಿಟ್ಟಿರುವ ವಿಷಯಗಳು.

ಕೋನದ ಮಾನ

ತ್ರಿಕೋನಮಿತಿ ಸಾಧನದ ದಾಖಲೆಯಲ್ಲಿ ಅತ್ಯಂತ ಮುಖ್ಯವಾದುದು ಕೋನದ ಮಾನ. ಪೂರ್ಣ ವೃತ್ತವು 360 ಡಿಗ್ರಿಗಳಿಗೆ, ಅಥವಾ ಪೈಯ ಎರಡರಷ್ಟು ರೇಡಿಯನ್‌ಗಳಿಗೆ ಸಮ. ಶಾಲೆಯ ಪಾಠಗಳಲ್ಲಿ ಡಿಗ್ರಿ ಬಳಕೆಯಲ್ಲಿದ್ದರೆ, ಪೈಥಾನ್, ಜಾವಾಸ್ಕ್ರಿಪ್ಟ್, ಸಿ ಮೊದಲಾದ ಗಣಕ ಭಾಷೆಗಳ ಸೈನ್ ಕಾರ್ಯವು ರೇಡಿಯನ್‌ಗಳನ್ನು ನಿರೀಕ್ಷಿಸುತ್ತದೆ. ವಿದ್ಯಾರ್ಥಿಯ ಪ್ರಶ್ನೆ ಒಂದು ಮಾನದಲ್ಲಿ, ಸಾಧನದ ನಿರೀಕ್ಷೆ ಇನ್ನೊಂದು ಮಾನದಲ್ಲಿ ಇದ್ದಾಗ ಯಾವ ದೋಷ ಸಂದೇಶವೂ ಬರುವುದಿಲ್ಲ. ಬೇರೆ ಪ್ರಶ್ನೆಯೊಂದಕ್ಕೆ ಸರಿಯಾದ ಉತ್ತರ ಬರುತ್ತದೆ.

ಡಿಗ್ರಿಯ ಸಂಖ್ಯೆಯನ್ನು ರೇಡಿಯನ್ ಎಂದು ತಿಳಿದಾಗ ಆಗುವ ವ್ಯತ್ಯಾಸ ಹೀಗಿದೆ:

ಸೈನ್ 30: ಡಿಗ್ರಿಯಲ್ಲಿ 0.5, ರೇಡಿಯನ್‌ನಲ್ಲಿ –0.988
ಕೋಸೈನ್ 60: ಡಿಗ್ರಿಯಲ್ಲಿ 0.5, ರೇಡಿಯನ್‌ನಲ್ಲಿ –0.952
ಟ್ಯಾಂಜೆಂಟ್ 45: ಡಿಗ್ರಿಯಲ್ಲಿ 1, ರೇಡಿಯನ್‌ನಲ್ಲಿ 1.620
ಟ್ಯಾಂಜೆಂಟ್ 90: ಡಿಗ್ರಿಯಲ್ಲಿ ಬೆಲೆಯಿಲ್ಲ, ರೇಡಿಯನ್‌ನಲ್ಲಿ –1.995

ಈ ತಪ್ಪುಗಳಲ್ಲಿ ಕೆಲವು ತಾವಾಗಿ ಬಯಲಾಗುತ್ತವೆ, ಕೆಲವು ಬಯಲಾಗುವುದಿಲ್ಲ. ಹಂಚಿನ ಮನೆಯೊಂದರ ಮಾಡಿನ ಇಳಿಜಾರು 30 ಡಿಗ್ರಿ ಇದ್ದು, ಗೋಡೆಯಿಂದ ಮೋಂಟಿನ ನೇರಕ್ಕೆ ಸಮತಲ ಅಂತರ 3 ಮೀಟರ್ ಇದ್ದರೆ, ಪಕಾಸಿನ ಉದ್ದ 3 ಭಾಗಿಸು ಕೋಸೈನ್ 30, ಅಂದರೆ ಸುಮಾರು 3.46 ಮೀಟರ್. ಮಾನ ತಪ್ಪಿದರೆ ಉತ್ತರ ಸುಮಾರು 19.4 ಮೀಟರ್ ಎಂದು ಬರುತ್ತದೆ. ಇದನ್ನು ನೋಡಿದ ಬಡಗಿ ನಂಬುವುದಿಲ್ಲ. ಆದರೆ ತೆಂಗಿನ ಮರದ ಬುಡದಿಂದ 20 ಮೀಟರ್ ದೂರದಲ್ಲಿ ನಿಂತು ನೋಡಿದಾಗ ಅದರ ತುದಿಯ ಉನ್ನತ ಕೋನ 45 ಡಿಗ್ರಿ ಇದ್ದರೆ, ನೋಡುವವನ ಕಣ್ಣಿನ ಎತ್ತರವನ್ನು ಬಿಟ್ಟು, ಮರದ ಎತ್ತರ 20 ಮೀಟರ್. ಮಾನ ತಪ್ಪಿದಾಗ ಬರುವ ಉತ್ತರ 32.4 ಮೀಟರ್. ಇದು ಅಸಂಭವವೆಂದು ಕೂಡಲೇ ತೋರುವ ಸಂಖ್ಯೆಯಲ್ಲ. ನಂಬಲು ಸಾಧ್ಯವಿರುವ ತಪ್ಪು, ನಗು ಬರಿಸುವ ತಪ್ಪಿಗಿಂತ ಹೆಚ್ಚು ಅಪಾಯಕಾರಿ.

ಈ ಕಾರಣದಿಂದ ಕೋನದ ಮಾನವನ್ನು ಐಚ್ಛಿಕವಾಗಿ ಬಿಡದೆ ಕಡ್ಡಾಯ ಆದಾನವನ್ನಾಗಿ ಮಾಡುವುದು ಹೆಚ್ಚು ಸುರಕ್ಷಿತ. ಸ್ವೀಕರಿಸುವ ಪದಗಳು "ಡಿಗ್ರಿ" ಮತ್ತು "ರೇಡಿಯನ್" ಎರಡೇ ಎಂದು ಸ್ಕೀಮಾದಲ್ಲಿ ನಮೂದಿಸಬಹುದು. ಉತ್ತರದಲ್ಲಿಯೂ ಸಾಧನವು ತಾನು ಬಳಸಿದ ಮಾನವನ್ನು ಮರಳಿ ಹೇಳಿದರೆ, ಏಜೆಂಟ್‌ಗೂ ಅದರ ಉತ್ತರವನ್ನು ಓದುವ ಮನುಷ್ಯನಿಗೂ ಪರಿಶೀಲಿಸಲು ಅವಕಾಶವಾಗುತ್ತದೆ.

ಡಿಗ್ರಿ, ಕಲೆ ಮತ್ತು ದಶಮಾಂಶ

ಡಿಗ್ರಿಯಲ್ಲಿಯೇ ಎರಡು ಬರವಣಿಗೆಯ ಕ್ರಮಗಳಿವೆ. ಕುಂದಾಪುರದ ಅಕ್ಷಾಂಶವನ್ನು 13 ಡಿಗ್ರಿ 37 ಕಲೆ ಉತ್ತರ ಎಂದು ಬರೆಯಬಹುದು. ಒಂದು ಡಿಗ್ರಿಗೆ 60 ಕಲೆಗಳಿರುವುದರಿಂದ ದಶಮಾಂಶದಲ್ಲಿ ಇದು ಸುಮಾರು 13.62 ಡಿಗ್ರಿ. ಕಲೆಗಳನ್ನು ಹಾಗೆಯೇ ಬಿಂದುವಿನ ನಂತರ ಇಟ್ಟು 13.37 ಎಂದು ಬರೆದರೆ ಕಾಲು ಡಿಗ್ರಿಯಷ್ಟು, ಅಂದರೆ ಸುಮಾರು 28 ಕಿಲೋಮೀಟರ್ ವ್ಯತ್ಯಾಸವಾಗುತ್ತದೆ. ನಕ್ಷೆಯ ಮೇಲೆ ಕುಂದಾಪುರದ ಬಿಂದು ಬ್ರಹ್ಮಾವರದ ಅಕ್ಷಾಂಶವನ್ನೂ ದಾಟಿ ಉಡುಪಿಯ ಸಮೀಪಕ್ಕೆ ಸರಿಯುತ್ತದೆ. ಪಂಚಾಂಗ, ಹಳೆಯ ಗೆಜೆಟಿಯರ್ ಮತ್ತು ಭೂಪಟಗಳಲ್ಲಿ ಕಲೆಗಳ ಕ್ರಮವೇ ಹೆಚ್ಚಾಗಿರುವುದರಿಂದ, ಸಾಧನವು ದಶಮಾಂಶ ಡಿಗ್ರಿಯನ್ನು ಮಾತ್ರ ಸ್ವೀಕರಿಸುತ್ತದೆ ಎಂದು, ಒಂದು ಉದಾಹರಣೆಯ ಸಹಿತ, ದಾಖಲೆಯಲ್ಲಿ ಹೇಳಬೇಕು.

ಎಲ್ಲ ಲೆಕ್ಕಗಳಲ್ಲಿಯೂ ಈ ತಪ್ಪು ಸಮಾನವಾಗಿ ಕಾಣುವುದಿಲ್ಲ. ವಿಷುವದ ದಿನ ಮಧ್ಯಾಹ್ನ ಸೂರ್ಯನು ಅತ್ಯುನ್ನತ ಸ್ಥಾನದಲ್ಲಿರುವಾಗ ಕುಂದಾಪುರದಲ್ಲಿ ನೆಟ್ಟ 1 ಮೀಟರ್ ಉದ್ದದ ಕೋಲಿನ ನೆರಳು ಟ್ಯಾಂಜೆಂಟ್ 13.62, ಅಂದರೆ ಸುಮಾರು 24.2 ಸೆಂಟಿಮೀಟರ್. ಅಕ್ಷಾಂಶವನ್ನು 13.37 ಎಂದು ಕೊಟ್ಟರೆ ಉತ್ತರ 23.8 ಸೆಂಟಿಮೀಟರ್ ಆಗುತ್ತದೆ. ಶಾಲೆಯ ಅಂಗಳದಲ್ಲಿ ಅಳತೆಪಟ್ಟಿ ಹಿಡಿದ ವಿದ್ಯಾರ್ಥಿಗೆ ಈ ಅಂತರ ತಿಳಿಯುವುದು ಕಷ್ಟ. ಪ್ರಯೋಗ ಸರಿಹೊಂದಿತೆಂಬ ಮಾತ್ರಕ್ಕೆ ಆದಾನ ಸರಿಯಾಗಿತ್ತೆಂದು ಹೇಳಲಾಗದು. ಇದೇ ಲೆಕ್ಕದಲ್ಲಿ ಡಿಗ್ರಿಯನ್ನು ರೇಡಿಯನ್ ಎಂದು ತಿಳಿದರೆ ನೆರಳು 1.76 ಮೀಟರ್ ಎಂದು ಬಂದು, ತಪ್ಪು ಅಂಗಳದಲ್ಲಿಯೇ ಗೊತ್ತಾಗುತ್ತದೆ.

ದೂರ ಮತ್ತು ದಿಕ್ಕಿನ ಉದಾಹರಣೆ

ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೆ ದಕ್ಷಿಣದಿಂದ ಉತ್ತರಕ್ಕೆ ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ಇವೆ. ಇವುಗಳ ಸ್ಥೂಲ ನಿರ್ದೇಶಾಂಕಗಳು ಹೀಗಿವೆ:

ಬ್ರಹ್ಮಾವರ: 13.43 ಉತ್ತರ, 74.75 ಪೂರ್ವ
ಕುಂದಾಪುರ: 13.62 ಉತ್ತರ, 74.69 ಪೂರ್ವ
ಬೈಂದೂರು: 13.87 ಉತ್ತರ, 74.63 ಪೂರ್ವ

ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಗೋಳವೆಂದು ಭಾವಿಸಿ ಹ್ಯಾವರ್‌ಸೈನ್ ಸೂತ್ರದಿಂದ ಲೆಕ್ಕ ಹಾಕಿದರೆ, ಕುಂದಾಪುರದಿಂದ ಬೈಂದೂರಿಗೆ ನೇರ ದೂರ ಸುಮಾರು 28.5 ಕಿಲೋಮೀಟರ್, ಬ್ರಹ್ಮಾವರಕ್ಕೆ ಸುಮಾರು 22 ಕಿಲೋಮೀಟರ್. ಇದೇ ನಿರ್ದೇಶಾಂಕಗಳನ್ನು ಡಿಗ್ರಿಯಿಂದ ರೇಡಿಯನ್‌ಗೆ ಬದಲಿಸದೆ ಸೂತ್ರದಲ್ಲಿ ಇಟ್ಟರೆ ಕುಂದಾಪುರದಿಂದ ಬೈಂದೂರಿಗೆ ಸುಮಾರು 1,600 ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಮರವಂತೆಯ ದಾರಿಯಲ್ಲಿ ಒಮ್ಮೆಯಾದರೂ ಹೋಗಿ ಬಂದವರು ಇದನ್ನು ಕೂಡಲೇ ತಳ್ಳಿಹಾಕುತ್ತಾರೆ. ಆ ದಾರಿಯ ಅನುಭವವಿಲ್ಲದ ಏಜೆಂಟ್ ಅದನ್ನು ಮುಂದಿನ ಹಂತಕ್ಕೆ ಒಯ್ಯಬಹುದು. ನೇರ ದೂರವು ರಸ್ತೆಯ ದೂರವಲ್ಲ ಎಂಬುದನ್ನೂ ದಾಖಲೆ ಸ್ಪಷ್ಟಪಡಿಸಬೇಕು. ನದಿ ಮತ್ತು ಹಿನ್ನೀರುಗಳಿರುವ ಕರಾವಳಿಯಲ್ಲಿ ಇವೆರಡರ ಅಂತರ ಹೆಚ್ಚು. ಪಂಚಗಂಗಾವಳಿಯ ಆಚೆ ಈಚೆ ಇರುವ ಕುಂದಾಪುರ ಮತ್ತು ಗಂಗೊಳ್ಳಿ ಇದಕ್ಕೆ ಉತ್ತಮ ಉದಾಹರಣೆ: ನೀರಿನ ಮೇಲೆ ಸಮೀಪ, ರಸ್ತೆಯಲ್ಲಿ ಸುತ್ತು.

ದಿಕ್ಕನ್ನು ಲೆಕ್ಕ ಹಾಕುವಾಗ ಎರಡು ಆದಾನಗಳ ವಿಲೋಮ ಟ್ಯಾಂಜೆಂಟ್ ಬಳಸಲಾಗುತ್ತದೆ. ಇಲ್ಲಿ ಆದಾನಗಳ ಅನುಕ್ರಮವೇ ಗೊಂದಲಕ್ಕೆ ಕಾರಣ. ಹೆಚ್ಚಿನ ಗಣಕ ಭಾಷೆಗಳಲ್ಲಿ ಲಂಬ ಘಟಕ ಮೊದಲು, ಸಮತಲ ಘಟಕ ನಂತರ ಬರುತ್ತದೆ. ಮೈಕ್ರೋಸಾಫ್ಟ್ ಎಕ್ಸೆಲ್‌ನಲ್ಲಿ ಇದು ಹಿಂದುಮುಂದಾಗಿದೆ. ದಿಕ್ಸೂಚಿಯ ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುವುದರಿಂದ ಅಲ್ಲಿ ಪೂರ್ವದ ಘಟಕವನ್ನು ಮೊದಲ ಸ್ಥಾನದಲ್ಲಿಡಬೇಕಾಗುತ್ತದೆ. ಬೈಂದೂರು ಕುಂದಾಪುರದಿಂದ ಸುಮಾರು 27.8 ಕಿಲೋಮೀಟರ್ ಉತ್ತರಕ್ಕೂ 6.5 ಕಿಲೋಮೀಟರ್ ಪಶ್ಚಿಮಕ್ಕೂ ಇದೆ. ಸರಿಯಾದ ಕ್ರಮದಲ್ಲಿ ಲೆಕ್ಕ ಹಾಕಿದರೆ ದಿಕ್ಕು ಸುಮಾರು 347 ಡಿಗ್ರಿ, ಅಂದರೆ ಉತ್ತರಕ್ಕಿಂತ ತುಸು ಪಶ್ಚಿಮ. ಆದಾನಗಳು ಅದಲುಬದಲಾದರೆ ಉತ್ತರ 103 ಡಿಗ್ರಿ. ಕರಾವಳಿಯ ಗುಂಟ ಹೋಗಬೇಕಾದವನನ್ನು ಅದು ಪಶ್ಚಿಮ ಘಟ್ಟಗಳ ಕಡೆಗೆ ಕಳುಹಿಸುತ್ತದೆ. ಆದಾನಗಳಿಗೆ "ಮೊದಲನೆಯದು", "ಎರಡನೆಯದು" ಎಂಬ ಹೆಸರುಗಳ ಬದಲು "ಪೂರ್ವದ ಅಂತರ", "ಉತ್ತರದ ಅಂತರ" ಎಂಬ ಹೆಸರುಗಳನ್ನಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ವಿಲೋಮ ಕಾರ್ಯಗಳು ಮತ್ತು ಉತ್ತರದ ಮಾನ

ವಿಲೋಮ ಕಾರ್ಯಗಳಲ್ಲಿ ಆದಾನ ಕೇವಲ ಅನುಪಾತ. ಮಾನ ಬೇಕಾಗುವುದು ಉತ್ತರಕ್ಕೆ. ಕೊಡಚಾದ್ರಿಯ ಎತ್ತರ ಸಮುದ್ರಮಟ್ಟದಿಂದ 1,343 ಮೀಟರ್. ಸಮುದ್ರಮಟ್ಟದಲ್ಲಿ, ಅದರಿಂದ 20 ಕಿಲೋಮೀಟರ್ ಸಮತಲ ದೂರದಲ್ಲಿ ನಿಂತವನಿಗೆ ಶಿಖರದ ಉನ್ನತ ಕೋನವನ್ನು 1,343 ಭಾಗಿಸು 20,000 ಎಂಬ ಅನುಪಾತದ ವಿಲೋಮ ಟ್ಯಾಂಜೆಂಟ್‌ನಿಂದ ಪಡೆಯಬಹುದು. ಉತ್ತರ 3.84 ಡಿಗ್ರಿ ಅಥವಾ 0.067 ರೇಡಿಯನ್. ಮಾನವಿಲ್ಲದೆ 0.067 ಎಂದು ಮಾತ್ರ ಮರಳಿಸುವ ಸಾಧನದಿಂದ, ಏಜೆಂಟ್ ಅದನ್ನು ಡಿಗ್ರಿಯೆಂದು ಬಗೆದು, ಶಿಖರವು ದಿಗಂತಕ್ಕೆ ಅಂಟಿಕೊಂಡಿದೆಯೆಂದು ಹೇಳುವ ಸಂಭವವಿದೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. 20 ಕಿಲೋಮೀಟರ್ ದೂರದಲ್ಲಿ ಭೂಮಿಯ ವಕ್ರತೆಯಿಂದ ಶಿಖರ ಸುಮಾರು 31 ಮೀಟರ್ ತಗ್ಗಿದಂತೆ ಆಗುತ್ತದೆ. ಆಗ ಕೋನ ಸುಮಾರು 3.75 ಡಿಗ್ರಿ. ವಾತಾವರಣದಲ್ಲಿ ಬೆಳಕು ಬಾಗುವುದರಿಂದ ಈ ಬೆಲೆಯೂ ಸ್ವಲ್ಪ ಬದಲಾಗುತ್ತದೆ. ಸಾಧನವು ಸಮತಲದ ತ್ರಿಕೋನವನ್ನು ಮಾತ್ರ ಪರಿಗಣಿಸುತ್ತದೆ ಎಂದು ದಾಖಲೆಯಲ್ಲಿದ್ದರೆ ಏಜೆಂಟ್ ಈ ತಿದ್ದುಪಡಿಯನ್ನು ಬೇರೆಯಾಗಿ ಮಾಡಬಲ್ಲದು.

ವಿಲೋಮ ಸೈನ್‌ಗೆ ಅನೇಕ ಉತ್ತರಗಳು ಸಾಧ್ಯ. ಸೈನ್ 30 ಮತ್ತು ಸೈನ್ 150 ಡಿಗ್ರಿಗಳೆರಡರ ಬೆಲೆಯೂ 0.5. ಸಾಧನವು ಸಾಮಾನ್ಯವಾಗಿ –90ರಿಂದ 90 ಡಿಗ್ರಿಯೊಳಗಿನ ಪ್ರಧಾನ ಬೆಲೆಯನ್ನು ಮಾತ್ರ ಕೊಡುತ್ತದೆ. ವಿಶಾಲಕೋನ ತ್ರಿಕೋನದ ಪ್ರಶ್ನೆಗಳಲ್ಲಿ ಬೇಕಾದ ಉತ್ತರ ಎರಡನೆಯದಾಗಿರಬಹುದಾದ ಕಾರಣ ಈ ವ್ಯಾಪ್ತಿಯನ್ನು ನಮೂದಿಸುವುದು ಅವಶ್ಯಕ.

ದೋಷ ಸಂದೇಶಗಳು

ಸೈನ್‌ನ ಬೆಲೆ –1 ಮತ್ತು 1ರ ನಡುವೆ ಮಾತ್ರ ಇರುವುದರಿಂದ 1.2ರ ವಿಲೋಮ ಸೈನ್‌ಗೆ ನೈಜ ಸಂಖ್ಯೆಗಳಲ್ಲಿ ಉತ್ತರವಿಲ್ಲ. ಪೈಥಾನ್ ಇಲ್ಲಿ ದೋಷವೆಂದು ಹೇಳಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ "ಸಂಖ್ಯೆಯಲ್ಲ" ಎಂಬ ವಿಶೇಷ ಬೆಲೆಯನ್ನು ಕೊಟ್ಟು ಮುಂದುವರಿಯುತ್ತದೆ. ಜೇಸನ್ ರೂಪದಲ್ಲಿ ಈ ವಿಶೇಷ ಬೆಲೆಗೆ ಸ್ಥಾನವಿಲ್ಲದಿರುವುದರಿಂದ, ಜಾವಾಸ್ಕ್ರಿಪ್ಟ್ ಅದನ್ನು ಜೇಸನ್‌ಗೆ ಬದಲಿಸುವಾಗ ಶೂನ್ಯವೂ ಅಲ್ಲದ, ಸಂಖ್ಯೆಯೂ ಅಲ್ಲದ ಖಾಲಿ ಬೆಲೆಯನ್ನಾಗಿ ಮಾಡುತ್ತದೆ. ಏಜೆಂಟ್‌ಗೆ ತಲುಪುವುದು ಕಾರಣವಿಲ್ಲದ ಒಂದು ಖಾಲಿ ಉತ್ತರ.

ಉತ್ತಮ ದೋಷ ಸಂದೇಶವು ಏನು ತಪ್ಪಿದೆ, ಯಾವುದು ಸ್ವೀಕಾರಾರ್ಹ, ಮುಂದೇನು ಮಾಡಬಹುದು ಎಂಬ ಮೂರನ್ನೂ ಹೇಳುತ್ತದೆ. "ದೋಷ" ಎಂಬ ಒಂದು ಪದಕ್ಕಿಂತ, "ವಿಲೋಮ ಸೈನ್‌ಗೆ –1ರಿಂದ 1ರೊಳಗಿನ ಬೆಲೆ ಬೇಕು, ಕೊಟ್ಟಿರುವುದು 1.2; ಅಭಿಮುಖ ಬಾಹು ವಿಕರ್ಣಕ್ಕಿಂತ ದೊಡ್ಡದಾಗಿದೆಯೇ ಪರಿಶೀಲಿಸಿ" ಎಂಬ ಸಂದೇಶ ಹೆಚ್ಚು ಉಪಯುಕ್ತ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಸಾಧನದ ದೋಷವನ್ನು ಉತ್ತರದ ಭಾಗವಾಗಿಯೇ ಗುರುತುಮಾಡಿ ಕಳುಹಿಸಲು ಅವಕಾಶವಿದೆ. ಅದನ್ನು ಓದಿದ ಮಾದರಿಯು ತನ್ನ ಕೋರಿಕೆಯನ್ನು ತಿದ್ದಿ ಮತ್ತೊಮ್ಮೆ ಪ್ರಯತ್ನಿಸಬಲ್ಲದು.

ನಿಖರತೆ

ಇಂದಿನ ಗಣಕಗಳು ದಶಮಾಂಶ ಸಂಖ್ಯೆಗಳನ್ನು ಸಾಮಾನ್ಯವಾಗಿ 64 ಬಿಟ್‌ಗಳ ತೇಲುಬಿಂದು ರೂಪದಲ್ಲಿ ಸಂಗ್ರಹಿಸುತ್ತವೆ. ಇದರಲ್ಲಿ ಸುಮಾರು 15ರಿಂದ 17 ಸಾರ್ಥಕ ಅಂಕಿಗಳು ಮಾತ್ರ ಉಳಿಯುತ್ತವೆ. ಪೈ ಅಪರಿಮೇಯ ಸಂಖ್ಯೆಯಾದುದರಿಂದ ಅದನ್ನು ಪೂರ್ಣವಾಗಿ ಹಿಡಿದಿಡುವುದು ಅಸಾಧ್ಯ. ಇದರ ಪರಿಣಾಮವಾಗಿ 180 ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿ ಸೈನ್ ಕೇಳಿದಾಗ ಶೂನ್ಯದ ಬದಲು ದಶಮಾಂಶ ಬಿಂದುವಿನ ನಂತರ 15 ಸೊನ್ನೆಗಳಿರುವ ಅತಿ ಸಣ್ಣ ಸಂಖ್ಯೆ ಬರುತ್ತದೆ. ಟ್ಯಾಂಜೆಂಟ್ 90 ಡಿಗ್ರಿಗೆ ಗಣಿತದ ಪ್ರಕಾರ ಬೆಲೆಯಿಲ್ಲ. ಗಣಕವು ಮಾತ್ರ 17 ಅಂಕಿಗಳ ಬೃಹತ್ ಸಂಖ್ಯೆಯೊಂದನ್ನು ಗಂಭೀರವಾಗಿ ಮುಂದಿಡುತ್ತದೆ. ಇಂತಹ ಕೋನಗಳನ್ನು ಮೊದಲೇ ಗುರುತಿಸಿ "ಬೆಲೆ ವ್ಯಾಖ್ಯಿತವಾಗಿಲ್ಲ" ಎಂದು ಹೇಳುವುದು ಸಾಧನದ ಕರ್ತವ್ಯ. ಹಾಗೆ ಮಾಡುತ್ತದೆಯೇ ಇಲ್ಲವೇ ಎಂಬುದನ್ನು ತಿಳಿಸುವುದು ದಾಖಲೆಯ ಕರ್ತವ್ಯ.

ಉತ್ತರದಲ್ಲಿ 15 ಅಂಕಿಗಳಿವೆಯೆಂದು ಅಳತೆಯೂ ಅಷ್ಟು ನಿಖರವೆಂದು ತಿಳಿಯಬಾರದು. ಕೋನಮಾಪಕದಿಂದ ಅರ್ಧ ಡಿಗ್ರಿಯ ನಿಖರತೆಯಲ್ಲಿ ಅಳೆದ ಕೋನದಿಂದ ಮರದ ಎತ್ತರವನ್ನು ಮಿಲಿಮೀಟರ್‌ನಲ್ಲಿ ಹೇಳುವುದು ಅರ್ಥಹೀನ. ಮೇಲಿನ ತೆಂಗಿನ ಮರದ ಉದಾಹರಣೆಯಲ್ಲಿ ಕೋನ ಅರ್ಧ ಡಿಗ್ರಿ ಬದಲಾದರೆ ಎತ್ತರ ಸುಮಾರು 35 ಸೆಂಟಿಮೀಟರ್ ಬದಲಾಗುತ್ತದೆ.

ಭಾಷೆ ಮತ್ತು ಅಂಕಿಗಳು

ಕನ್ನಡದಲ್ಲಿ ಪ್ರಶ್ನೆ ಕೇಳುವವರು ಕೋನವನ್ನು 45 ಎಂದು ಬರೆಯಬಹುದು, ೪೫ ಎಂದೂ ಬರೆಯಬಹುದು. ಜೇಸನ್‌ನ ಸಂಖ್ಯೆಗಳಲ್ಲಿ 0ಯಿಂದ 9ರವರೆಗಿನ ಅಂತರರಾಷ್ಟ್ರೀಯ ಅಂಕಿಗಳಿಗೆ ಮಾತ್ರ ಅವಕಾಶವಿದೆ. ಅಕ್ಷರಸರಣಿಯಾಗಿ ಕಳುಹಿಸಿದಾಗ ಪೈಥಾನ್‌ನ ಸಂಖ್ಯಾ ಪರಿವರ್ತನೆಯು ಕನ್ನಡ ಅಂಕಿಗಳನ್ನೂ ಅರ್ಥಮಾಡಿಕೊಳ್ಳುತ್ತದೆ; ಜಾವಾಸ್ಕ್ರಿಪ್ಟ್ ಅರ್ಥಮಾಡಿಕೊಳ್ಳುವುದಿಲ್ಲ. ಅಲ್ಪವಿರಾಮದ ಬಳಕೆಯೂ ಇಂತಹದೇ ತೊಡಕು. 1,343 ಎಂದು ಬರೆದುದನ್ನು ಪೈಥಾನ್ ನಿರಾಕರಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಒಂದು ಪರಿವರ್ತನ ಕಾರ್ಯವು ಅಲ್ಪವಿರಾಮದ ಬಳಿಯೇ ನಿಂತು ಅದನ್ನು 1 ಎಂದು ಓದುತ್ತದೆ. ಆದುದರಿಂದ ಆದಾನವು ಅಕ್ಷರಸರಣಿಯಲ್ಲ, ಸಂಖ್ಯೆ ಎಂದು ಸ್ಕೀಮಾದಲ್ಲಿ ನಿಗದಿಪಡಿಸಿ, ಅಂಕಿಗಳನ್ನು ಬದಲಿಸುವ ಹೊಣೆ ಏಜೆಂಟ್‌ನದೆಂದು ದಾಖಲೆಯಲ್ಲಿ ಹೇಳುವುದು ಉಚಿತ. ಉನ್ನತ ಕೋನ, ಅವನತ ಕೋನ, ಅಭಿಮುಖ ಬಾಹು, ಪಾರ್ಶ್ವ ಬಾಹು, ವಿಕರ್ಣ ಎಂಬ ಪಠ್ಯಪುಸ್ತಕದ ಪದಗಳನ್ನು ವಿವರಣೆಯಲ್ಲಿ ಸೇರಿಸಿದರೆ ಕನ್ನಡದ ಪ್ರಶ್ನೆಯನ್ನು ಸರಿಯಾದ ಆದಾನಕ್ಕೆ ಹೊಂದಿಸಲು ಸಹಾಯವಾಗುತ್ತದೆ.

ಮಾದರಿ ದಾಖಲೆ

ಮೇಲಿನ ಅಂಶಗಳನ್ನು ಒಳಗೊಂಡ ಸಂಕ್ಷಿಪ್ತ ದಾಖಲೆಯೊಂದು ಹೀಗಿರಬಹುದು:

ಹೆಸರು: ತ್ರಿಕೋನಮಿತಿ ಲೆಕ್ಕ.
ವಿವರಣೆ: ಒಂದು ಕೋನದ ಸೈನ್, ಕೋಸೈನ್ ಅಥವಾ ಟ್ಯಾಂಜೆಂಟ್ ಬೆಲೆಯನ್ನು ಕೊಡುತ್ತದೆ. ಪರಿಚಿತ ಕೋನಗಳಿಗೂ ನೆನಪನ್ನು ಅವಲಂಬಿಸದೆ ಈ ಸಾಧನವನ್ನು ಬಳಸಿ. ವಿಲೋಮ ಬೆಲೆಗಳಿಗೆ, ದೂರ ಮತ್ತು ದಿಕ್ಕಿನ ಲೆಕ್ಕಕ್ಕೆ ಇದು ಬಳಕೆಯಾಗುವುದಿಲ್ಲ.
ಆದಾನ 1: ಕಾರ್ಯ. ಸೈನ್, ಕೋಸೈನ್, ಟ್ಯಾಂಜೆಂಟ್ ಇವುಗಳಲ್ಲಿ ಒಂದು. ಕಡ್ಡಾಯ.
ಆದಾನ 2: ಕೋನ. ದಶಮಾಂಶ ಸಂಖ್ಯೆ. 13 ಡಿಗ್ರಿ 30 ಕಲೆಯನ್ನು 13.5 ಎಂದು ಕೊಡಬೇಕು, 13.30 ಎಂದಲ್ಲ. ಕಡ್ಡಾಯ.
ಆದಾನ 3: ಮಾನ. ಡಿಗ್ರಿ ಅಥವಾ ರೇಡಿಯನ್. ಕಡ್ಡಾಯ. ಪ್ರಶ್ನೆಯಲ್ಲಿ ಮಾನ ಸ್ಪಷ್ಟವಿಲ್ಲದಿದ್ದರೆ ಊಹಿಸದೆ ಬಳಕೆದಾರರನ್ನು ಕೇಳಿ.
ಪ್ರದಾನ: ಬೆಲೆ, ಬಳಸಿದ ಕೋನ ಮತ್ತು ಮಾನ.
ದೋಷ: ಟ್ಯಾಂಜೆಂಟ್‌ಗೆ 90, 270 ಮೊದಲಾದ ಡಿಗ್ರಿಗಳಲ್ಲಿ ಬೆಲೆ ವ್ಯಾಖ್ಯಿತವಾಗಿಲ್ಲ ಎಂಬ ಸಂದೇಶ.
ಉದಾಹರಣೆ: ಕಾರ್ಯ ಟ್ಯಾಂಜೆಂಟ್, ಕೋನ 45, ಮಾನ ಡಿಗ್ರಿ, ಉತ್ತರ 1.

ಪರೀಕ್ಷೆ ಮತ್ತು ಭದ್ರತೆ

ದಾಖಲೆಯನ್ನು ಪರೀಕ್ಷಿಸುವ ಸರಳ ವಿಧಾನವೆಂದರೆ, ಮಾನವನ್ನು ಹೇಳದ, ಕಲೆಗಳಲ್ಲಿ ಬರೆದ, ಕನ್ನಡ ಅಂಕಿಗಳಿರುವ ಮತ್ತು ಉತ್ತರವೇ ಇಲ್ಲದ ಪ್ರಶ್ನೆಗಳನ್ನು ಏಜೆಂಟ್‌ಗೆ ಕೊಟ್ಟು, ಅದು ಸಾಧನವನ್ನು ಹೇಗೆ ಕರೆಯುತ್ತದೆ ಎಂದು ನೋಡುವುದು. ತಪ್ಪು ಕಂಡಲ್ಲಿ ಸಾಧನದ ಸಂಕೇತದ ಜೊತೆಗೆ ಅದರ ವಿವರಣೆಯ ವಾಕ್ಯಗಳನ್ನೂ ತಿದ್ದಬೇಕಾಗುತ್ತದೆ. ಉತ್ತರ ತಿಳಿದಿರುವ ಲೆಕ್ಕಗಳನ್ನು ಆಗಾಗ ಮರಳಿ ಮಾಡಿಸುವುದು ಲ್ಯಾಂಬ್ಟನ್ ಎರಡನೆಯ ಆಧಾರರೇಖೆಯನ್ನು ಅಳೆದಂತಹ ಕಾರ್ಯ.

ಲೆಕ್ಕವನ್ನು ಪೂರ್ಣ ವಾಕ್ಯ ಅಥವಾ ಸಂಕೇತದ ರೂಪದಲ್ಲಿ ಸ್ವೀಕರಿಸಿ ಅದನ್ನು ಹಾಗೆಯೇ ಚಲಾಯಿಸುವ ಸಾಧನಗಳು ಅಪಾಯಕಾರಿ. ಲೆಕ್ಕದ ಹೆಸರಿನಲ್ಲಿ ಬೇರೆ ಆದೇಶಗಳನ್ನು ಚಲಾಯಿಸಲು ಅವು ದಾರಿ ಮಾಡಿಕೊಡುತ್ತವೆ. ಕಾರ್ಯದ ಹೆಸರು ಮತ್ತು ಕೋನವನ್ನು ಪ್ರತ್ಯೇಕವಾಗಿ ಸ್ವೀಕರಿಸುವ ಕ್ರಮದಲ್ಲಿ ಈ ಭಯ ಕಡಿಮೆ. ಅಪರಿಚಿತರು ಒದಗಿಸಿದ ಸಾಧನದ ವಿವರಣೆಯಲ್ಲಿಯೇ ಏಜೆಂಟ್‌ನ ದಾರಿ ತಪ್ಪಿಸುವ ಸೂಚನೆಗಳನ್ನು ಅಡಗಿಸಿಡುವ ಸಾಧ್ಯತೆಯೂ ಇದೆ. ಏಜೆಂಟ್ ವಿವರಣೆಯನ್ನು ನಂಬಿ ನಡೆಯುವುದರಿಂದ, ಸಾಧನವನ್ನು ಅಳವಡಿಸುವ ಮುನ್ನ ಅದರ ವಿವರಣೆಯನ್ನು ಮನುಷ್ಯರು ಪೂರ್ಣವಾಗಿ ಓದಬೇಕಾಗುತ್ತದೆ.

ಮಿತಿಗಳು

ಎಷ್ಟೇ ಉತ್ತಮವಾದ ದಾಖಲೆಯೂ ಪ್ರಶ್ನೆಯಲ್ಲಿರುವ ತಪ್ಪನ್ನು ಸರಿಪಡಿಸಲಾರದು. ಮರದ ಬುಡದಿಂದ ಅಳೆಯಬೇಕಾದ ದೂರವನ್ನು ಬೇಲಿಯಿಂದ ಅಳೆದಿದ್ದರೆ ಸಾಧನದ ಉತ್ತರ ನಿರ್ದುಷ್ಟವಾಗಿದ್ದರೂ ಎತ್ತರ ತಪ್ಪಾಗಿರುತ್ತದೆ. ವಿವರಣೆ ಅತಿ ದೀರ್ಘವಾದರೂ ತೊಂದರೆಯಿದೆ: ಭಾಷಾ ಮಾದರಿಯು ಒಂದು ಬಾರಿಗೆ ಗಮನಿಸಬಲ್ಲ ಪಠ್ಯಕ್ಕೆ ಮಿತಿಯಿರುವುದರಿಂದ, ಅನೇಕ ಸಾಧನಗಳ ಉದ್ದುದ್ದ ವಿವರಣೆಗಳು ಮುಖ್ಯ ಸೂಚನೆಗಳನ್ನು ಮರೆಮಾಡಬಹುದು. ಕೋನದ ಮಾನ, ಆದಾನಗಳ ಅನುಕ್ರಮ ಮತ್ತು ಉತ್ತರವಿಲ್ಲದ ಸಂದರ್ಭಗಳಿಗೆ ಮೊದಲ ಸ್ಥಾನ ಕೊಟ್ಟು, ಉಳಿದ ವಿವರಗಳನ್ನು ನಂತರ ಇಡುವುದು ಸೂಕ್ತ. ಉತ್ತರವನ್ನು ಅಂತಿಮವಾಗಿ ಬಳಸುವ ವಿದ್ಯಾರ್ಥಿ, ಬಡಗಿ ಅಥವಾ ಅಳತೆಗಾರನು ಒಂದು ಸ್ಥೂಲ ಚಿತ್ರವನ್ನು ಬರೆದು ಉತ್ತರ ಸಂಭವನೀಯವೇ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ಯಾವ ಸಾಧನವೂ ಅನಗತ್ಯವಾಗಿಸಿಲ್ಲ.